ವಾರ್ಡ್ ಸದಸ್ಯರು ಒಳ್ಳೆಯವರೇ, ಆದರೆ ದುಡ್ಡಿನ ಲೆಕ್ಕ ಕೇಳೋರು ಯಾರು?

ಧರೆಮೇಲಿನ ಮನೆ:
ಊರ ಹೆಸರು ಬೇಡ, ಸದಸ್ಯರ ಹೆಸರೂ ಬೇಡ. ಮಲೆನಾಡಿನ ಒಂದು ಪಟ್ಟಣ ಪಂಚಾಯಿತಿ ಅಂದ್ರೆ ಸಾಕು. ಹೆಸರು ಬಂದ ಕೂಡಲೇ ಮಾತು ಪಕ್ಷದ ಕಡೆ ಹೋಗುತ್ತೆ, ಚರಂಡಿ ಇದ್ದಲ್ಲೇ ಇರುತ್ತೆ.

ನಮ್ಮ ಸದಸ್ಯರು ಕೆಟ್ಟವರಲ್ಲ. ಫೋನ್ ಮಾಡಿದರೆ ಎತ್ತುತ್ತಾರೆ. ಬೀದಿ ದೀಪ ಹೋದರೆ ಜನ ಕರ್ಕೊಂಡು ಬಂದು ಹಾಕಿಸುತ್ತಾರೆ. ಸಾವಿನ ಮನೆಗೆ ಮೊದಲು ಬರೋದು ಅವರೇ, ಮದುವೆ ಮನೆಯಲ್ಲಿ ಬಡಿಸೋಕೂ ನಿಲ್ಲುತ್ತಾರೆ. ಆಶ್ಲೇಷ ಮಳೆಯಲ್ಲಿ ನಮ್ಮ ಮನೆ ಹಿಂದಿನ ಧರೆ ಜರಿದಾಗ ರಾತ್ರಿ ಪಂಚೆ ಎತ್ತಿ ಕಟ್ಟಿಕೊಂಡು ನಮ್ಮ ಜೊತೆ ಮಣ್ಣು ಎಳೆದಿದ್ದಾರೆ. ಅದನ್ನ ಮರೆಯೋ ಹಾಗಿಲ್ಲ.

ನನ್ನ ತಕರಾರು ಬೇರೆ. ಮಾರ್ಚ್‌ನಲ್ಲಿ ನಮ್ಮ ಬೀದಿಗೆ ಕಾಂಕ್ರೀಟ್ ಚರಂಡಿ ಆಯ್ತು. ನೋಡೋಕೆ ಚೆನ್ನಾಗಿದೆ. ಮೇಲಿಂದ ಬರುವ ನೀರು ದೇವಸ್ಥಾನದ ತಿರುವಿನ ತನಕ ಬರುತ್ತೆ, ಅಲ್ಲಿಗೆ ಹೊಸ ಚರಂಡಿ ಮುಗೀತು. ಮುಂದೆ ಇರೋದು ಹಳೇ ಮೋರಿ. ಅದರ ತಳ ಹೊಸ ಚರಂಡಿಯ ತಳಕ್ಕಿಂತ ಒಂದು ಗೇಣು ಎತ್ತರ! ಮೃಗಶಿರ ಮಳೆ ಹಿಡಿದ ವಾರವೇ ನೀರು ಹಿಂದಕ್ಕೆ ಒತ್ತಿ ಕೆಳಗಿನ ಮನೆಯವರ ಅಂಗಳಕ್ಕೆ ನುಗ್ಗಿತು. ತೆಂಗಿನ ಗರಿ, ಹಾಲಿನ ಕವರು, ಯಾರದೋ ಒಂಟಿ ಚಪ್ಪಲಿ, ಎಲ್ಲ ಅವರ ತುಳಸಿ ಕಟ್ಟೆ ಸುತ್ತ.

ಸದಸ್ಯರನ್ನ ಕೇಳಿದೆ. "ಎಂಜಿನಿಯರ್ ಹಾಗೆ ಎಸ್ಟಿಮೇಟ್ ಮಾಡಿದ್ದಾರೆ, ನಾನೆಂತ ಮಾಡ್ಲಿ ಮಾರಾಯ್ರೆ" ಅಂದರು. ದುಡ್ಡು ಯಾವ ಅನುದಾನದ್ದು ಅಂದೆ. "ಮೇಲಿಂದ ಬಂದಿತ್ತು" ಅಂದರು. ಕಾಮಗಾರಿ ಫಲಕದಲ್ಲಿ ಮೊತ್ತ ಐದು ಲಕ್ಷಕ್ಕೆ ಸ್ವಲ್ಪ ಕಡಿಮೆ ಇದೆ, ಅನುದಾನದ ಹೆಸರು ಬರೆಯುವ ಜಾಗ ಖಾಲಿ. ಪಕ್ಕದ ಬೀದಿಯ ಫಲಕದಲ್ಲೂ ಹೆಚ್ಚುಕಮ್ಮಿ ಅದೇ ಮೊತ್ತ.

ಬಲ್ಬ್ ಹಾಕಿಸೋಕೆ ನಾವು ಸದಸ್ಯರನ್ನ ಆರಿಸಬೇಕಾ? ಸಭೆಯಲ್ಲಿ ಕೂತು ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ನೋಡೋದೇ ಅವರ ಮೊದಲ ಕೆಲಸ ಅಲ್ವಾ? ನಿಮ್ಮ ಊರಲ್ಲಿ ಹೇಗೆ ಹೇಳಿ.

ಸಂತೆಮಾಳದ ಅಕ್ಕ:
ನೀವು ಹೇಳೋದು ಸರಿ ಇರಬಹುದು. ಆದರೆ ನಮ್ಮ ಕೇರಿಗೆ ಬೇಸಿಗೆಯಲ್ಲಿ ನೀರು ನಿಂತಾಗ ಟ್ಯಾಂಕರ್ ತರಿಸಿದ್ದು ಅದೇ ಸದಸ್ಯರು. ಕಚೇರಿಗೆ ನಾವು ಹೋದರೆ ಕೂರಿ ಅನ್ನೋರು ಯಾರೂ ಇಲ್ಲ. "ಸಾಹೇಬ್ರು ಮೀಟಿಂಗಲ್ಲಿದ್ದಾರೆ" ಅಂತಾರೆ, ಅಷ್ಟೇ. ಅವರ ಜೊತೆ ಹೋದರೆ ಕೆಲಸ ಆಗುತ್ತೆ. ನನ್ನ ಅತ್ತೆಯ ವಿಧವಾ ವೇತನದ ಕಾಗದಕ್ಕೆ ತಾಲ್ಲೂಕು ಆಫೀಸಿಗೂ ಜೊತೆಗೆ ಬಂದರು, ಅದು ಅವರ ಕೆಲಸವೇ ಅಲ್ಲ. ಓದಿದವರಿಗೆ ಲೆಕ್ಕ ಬೇಕು, ನಮಗೆ ಜೊತೆಗೆ ಬರೋರು ಬೇಕು.

ಅಡಿಕೆ ಮಂಡಿ:
ಅಕ್ಕ ಹೇಳಿದ್ದು ನೂರಕ್ಕೆ ನೂರು. ಲೆಕ್ಕ ಕೇಳುವ ಸದಸ್ಯ ಸಾವಿನ ಮನೆಗೆ ಬರದಿದ್ದರೆ ಮುಂದಿನ ಸಲ ಠೇವಣಿ ಉಳಿಯಲ್ಲ. ಜನ ಕೇಳೋದನ್ನೇ ಅವರು ಮಾಡೋದು.

ನಿವೃತ್ತ ಗುಮಾಸ್ತ:
ಧರೆಮೇಲಿನ ಮನೆಯವರೇ, ಸ್ಥಳೀಯ ಸಂಸ್ಥೆಗಳಲ್ಲೇ ಸರ್ವೀಸ್ ಮುಗಿಸಿದವನು ನಾನು, ಸ್ವಲ್ಪ ಬಿಡಿಸಿ ಹೇಳ್ತೇನೆ, ಉದ್ದ ಆದರೆ ಬೈಯಬೇಡಿ.

"ಮೇಲಿಂದ ಬಂದ ದುಡ್ಡು" ಅನ್ನೋದು ಒಂದೇ ಚೀಲದಲ್ಲಿ ಬರೋದಿಲ್ಲ. ಒಂದು, ಎಸ್‌ಎಫ್‌ಸಿ ಅನುದಾನ, ಅಂದ್ರೆ ರಾಜ್ಯ ಹಣಕಾಸು ಆಯೋಗದ್ದು. ಇನ್ನೊಂದು, ಕೇಂದ್ರ ಹಣಕಾಸು ಆಯೋಗದ್ದು. 15ನೇ ಆಯೋಗದ 2021–26ರ ಅವಧಿಯಲ್ಲಿ ನಮ್ಮಂಥ ಊರುಗಳಿಗೆ ಬಂದ ಹಣದಲ್ಲಿ ನೂರಕ್ಕೆ 60 ಭಾಗ ಕುಡಿಯುವ ನೀರು, ಶೌಚ, ಕಸದ ಕೆಲಸಕ್ಕೇ ಕಟ್ಟಿಹಾಕಿದ್ದು. ಉಳಿದ 40 ಭಾಗ ಊರಿನ ಅಗತ್ಯ ನೋಡಿ ಬಳಸಬಹುದಿತ್ತು, ಆದರೆ ಸಂಬಳಕ್ಕೆ ಮುಟ್ಟೋ ಹಾಗಿರಲಿಲ್ಲ. ಮೂರನೆಯದು ಊರಿನ ಸ್ವಂತ ದುಡ್ಡು. ಮನೆ ಕಂದಾಯ, ನೀರಿನ ಶುಲ್ಕ, ಮಳಿಗೆ ಬಾಡಿಗೆ, ಸಂತೆ ಸುಂಕದ ಹರಾಜು, ಉದ್ದಿಮೆ ಲೈಸೆನ್ಸು ಇವೆಲ್ಲ. ಇದರ ಜೊತೆಗೆ ನಗರೋತ್ಥಾನ ಅಂತ ರಾಜ್ಯದ ಒಂದು ಯೋಜನೆಯ ದುಡ್ಡು ಆಗಾಗ ಬರುತ್ತೆ, ಅದಕ್ಕೆ ಶಾಸಕರ ಮಾತು ಜಾಸ್ತಿ ನಡೆಯುತ್ತೆ.

ಇದರಲ್ಲಿ 24.10 ಅಂತ ಒಂದು ಲೆಕ್ಕ ಕೇಳಿರ್ತೀರಿ. ಶೇಕಡಾ 24.10 ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, 7.25 ಇತರೆ ಬಡವರಿಗೆ, 5 ಅಂಗವಿಕಲರಿಗೆ. ಆ ದುಡ್ಡು ಬೇರೆ ಕಡೆ ಹಾಕೋ ಹಾಗಿಲ್ಲ. ಹಾಕಿದರೆ ಆಡಿಟ್‌ನವರು ಬರೀತಾರೆ. ಬರೆದದ್ದನ್ನ ಯಾರಾದರೂ ಓದ್ತಾರಾ ಅನ್ನೋದು ಬೇರೆ ಮಾತು.

ಇನ್ನು ನಿಮ್ಮ ಐದು ಲಕ್ಷದ ಒಳಗಿನ ಚರಂಡಿ. ಸರ್ಕಾರಿ ಖರೀದಿ, ಗುತ್ತಿಗೆಗಳಿಗೆ 1999ರ ಪಾರದರ್ಶಕ ಕಾಯ್ದೆ ಅಂತ ಇದೆ, ಕೆಟಿಪಿಪಿ ಅಂತಾರೆ ಆಫೀಸಲ್ಲಿ. ಐದು ಲಕ್ಷದ ಒಳಗಿನ ಸಿವಿಲ್ ಕೆಲಸಕ್ಕೆ ಅದರಲ್ಲಿ ಟೆಂಡರ್ ವಿನಾಯ್ತಿ ಇದೆ. ಸಣ್ಣಪುಟ್ಟ ರಿಪೇರಿಗೆ ಟೆಂಡರ್ ಕಾಯುತ್ತಾ ಕೂರಬಾರದು ಅಂತ ಇಟ್ಟ ಅನುಕೂಲ ಅದು. ಉದ್ದದ ಚರಂಡಿಯನ್ನ ತುಂಡು ಮಾಡಿ ಒಂದೊಂದನ್ನೂ ಆ ಮಿತಿಯ ಒಳಗೆ ತಂದರೆ ಅದಕ್ಕೆ ತುಂಡು ಗುತ್ತಿಗೆ ಅಂತಾರೆ. ನಿಮ್ಮದು ಹಾಗೇ ಅಂತ ನಾನು ಹೇಳ್ತಿಲ್ಲ, ಕಾಗದ ನೋಡದೆ ಹೇಳಬಾರದು. ಎರಡು ಬೀದಿಗೆ ಒಂದೇ ಮೊತ್ತ ಅಂದ್ರಲ್ಲ, ಅದಕ್ಕೆ ಹೇಳಿದೆ.

ಅಡಿಕೆ ಮಂಡಿ:
ಎಲ್ಲ ಊರಲ್ಲೂ ಚರಂಡಿಗಳು ನಾಲ್ಕು ಲಕ್ಷ ಚಿಲ್ಲರೆಗೇ ಯಾಕೆ ನಿಲ್ತವೆ ಅಂತ ಇವತ್ತು ಗೊತ್ತಾಯ್ತು ಗುಮಾಸ್ತರೇ 😀

ಜಲ್ಲಿ ಲಾರಿ:
ನಾನು ಸಣ್ಣ ಗುತ್ತಿಗೆ ಕೆಲಸ ಮಾಡೋನು, ಇದೇ ಊರಲ್ಲಲ್ಲ. ನಮ್ಮ ಕಡೆಯದೂ ಸ್ವಲ್ಪ ಕೇಳಿ. ಕಾರ್ಯಾದೇಶ ಕೈಗೆ ಬರೋದು ಫೆಬ್ರವರಿಯಲ್ಲಿ. ಮಾರ್ಚ್ 31ರ ಒಳಗೆ ಬಿಲ್ ಆಗಬೇಕು, ಇಲ್ಲಾಂದ್ರೆ ದುಡ್ಡು ಯಾವಾಗ ಅಂತ ಹೇಳೋಕಾಗಲ್ಲ. ಆ ಹೊತ್ತಿಗೆ ಇಡೀ ಜಿಲ್ಲೆಯಲ್ಲಿ ಎಲ್ಲರಿಗೂ ಜಲ್ಲಿ ಬೇಕು, ಎಂ ಸ್ಯಾಂಡ್ ಬೇಕು, ಮೇಸ್ತ್ರಿ ಬೇಕು. ಕಾಂಕ್ರೀಟಿಗೆ ನೀರು ಹಿಡಿಯೋಕೆ ಬೇಸಿಗೆಯಲ್ಲಿ ನೀರೆಲ್ಲಿ? ಗೋಣಿ ಚೀಲ ಹಾಕಿ ಎರಡು ದಿನ ನೀರು ಚುಮುಕಿಸಿ ಮುಗಿಸ್ತಾರೆ.

ನಿಮ್ಮ ಚರಂಡಿ ವಿಷಯ ನನಗೆ ಸ್ಪಷ್ಟ. ತುಂಡು ಮಾಡಿದ ಕೆಲಸದಲ್ಲಿ ಲೆವೆಲ್‌ಗೆ ಯಾರೂ ಜವಾಬ್ದಾರಿ ಇಲ್ಲ. ನನಗೆ ಕೊಟ್ಟಿರೋದು ಇಲ್ಲಿಂದ ದೇವಸ್ಥಾನದ ತಿರುವಿನ ತನಕ, ಅಷ್ಟಕ್ಕೆ ನಾನು ಸರಿ ಮಾಡ್ತೇನೆ. ಮೋರಿ ಒಡೆದು ತಗ್ಗಿಸೋದು ಇನ್ನೊಂದು ಎಸ್ಟಿಮೇಟು, ಇನ್ನೊಬ್ಬನ ಕೆಲಸ, ಇನ್ನೊಂದು ವರ್ಷದ ಅನುದಾನ. ಚರಂಡಿ ಕೆಲಸ ಶುರು ಮಾಡಬೇಕಾದ್ದು ನೀರು ಹೋಗಿ ಬೀಳುವ ಹಳ್ಳದ ಕಡೆಯಿಂದ. ಹಳ್ಳದಿಂದ ಮೇಲಕ್ಕೆ ಬರಬೇಕು. ಎಲ್ಲರೂ ಮನೆ ಇರೋ ಕಡೆಯಿಂದ ಶುರು ಮಾಡಿಸ್ತಾರೆ, ಯಾಕಂದ್ರೆ ಓಟು ಇರೋದು ಅಲ್ಲಿ, ಹಳ್ಳದ ಹತ್ತಿರ ಯಾರಿಗೂ ಓಟಿಲ್ಲ.

ಧರೆಮೇಲಿನ ಮನೆ:
ಜಲ್ಲಿ ಲಾರಿಯವರೇ, ಇದನ್ನ ನಮ್ಮ ಸಭೆಯಲ್ಲಿ ಒಬ್ಬ ಸದಸ್ಯರು ಹೇಳಿದ್ದರೆ ಸಾಕಿತ್ತು. ಎಂಜಿನಿಯರ್ ಓದಿರಬೇಕಾಗಿಲ್ಲ. ನೀರು ಯಾವ ಕಡೆ ಹೋಗುತ್ತೆ ಅಂತ ಮಲೆನಾಡಿನಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಕ್ರಿಯಾ ಯೋಜನೆ ಸಭೆಯ ಮುಂದೆ ಬಂದಾಗ "ಈ ಚರಂಡಿ ಎಲ್ಲಿಗೆ ಹೋಗಿ ಸೇರುತ್ತೆ" ಅಂತ ಒಂದು ಪ್ರಶ್ನೆ. ಅಷ್ಟೇ ನಾನು ಕೇಳ್ತಿರೋದು.

ಅಕ್ಕನಿಗೆ: ನೀವು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಟ್ಯಾಂಕರ್ ಬಿಲ್ ಯಾವ ಲೆಕ್ಕದಿಂದ ಹೋಯ್ತು ಗೊತ್ತಾ? ಅದೂ ನಮ್ಮ ದುಡ್ಡೇ. ಪ್ರತಿ ಬೇಸಿಗೆ ಟ್ಯಾಂಕರ್‌ಗೆ ಸುರಿಯುವ ಬದಲು ನಿಮ್ಮ ಕೇರಿಯ ಪೈಪ್ ಲೈನ್ ಬದಲಿಸಿದ್ದರೆ ನೀವು ಯಾರಿಗೂ ಫೋನ್ ಮಾಡಬೇಕಾಗಿರಲಿಲ್ಲ.

ಸಂತೆಮಾಳದ ಅಕ್ಕ:
ಪೈಪ್ ಹಾಕೋ ತನಕ ಕುಡಿಯೋಕೆ ಏನು ಮಾಡಬೇಕು ಅಂತ ಅದನ್ನೂ ಹೇಳಿ.

ವಿನೋಬನಗರ, ಶಿವಮೊಗ್ಗ:
ನಿಮಗೆ ಬೈಯೋಕಾದರೂ ಒಬ್ಬರು ಸದಸ್ಯರಿದ್ದಾರೆ. ನಮ್ಮ ಮಹಾನಗರ ಪಾಲಿಕೆಗೆ 2018ರ ಆಗಸ್ಟ್ 31ಕ್ಕೆ ಚುನಾವಣೆ ಆಗಿತ್ತು, 35 ವಾರ್ಡು. 2023ರ ಕೊನೆಗೆ ಅವಧಿ ಮುಗೀತು, ಆಮೇಲೆ ಆಡಳಿತಾಧಿಕಾರಿ. ಸಂವಿಧಾನದ 243ಯು ವಿಧಿ ಏನು ಹೇಳುತ್ತೆ? ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ಮುಗಿಸಿ ಅನ್ನುತ್ತೆ. ಮೀಸಲಾತಿ, ವಾರ್ಡ್ ವಿಂಗಡಣೆ, ಕೋರ್ಟು ಅಂತ ರಾಜ್ಯದಲ್ಲಿ ಎಷ್ಟು ಸಲ ಹೀಗೆ ತಳ್ಳಿದ್ದಾರೆ ಅಂತ ನಿಮಗೇ ಗೊತ್ತು.

ಇನ್ನೊಂದು ವಿಷಯ. 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಊರಿಗೆ ವಾರ್ಡ್ ಸಮಿತಿ ಬೇಕು ಅಂತ 243ಎಸ್ ವಿಧಿಯಲ್ಲಿದೆ. 2011ರ ಜನಗಣತಿಯಲ್ಲಿ ಶಿವಮೊಗ್ಗ 3,22,650. ಅಂದ್ರೆ ನಮಗೆ ಅದು ಹಕ್ಕು. ಸದಸ್ಯರೇ ಸಮಿತಿಗೆ ಅಧ್ಯಕ್ಷರು, ಬಡಾವಣೆಯ ಜನ ಸದಸ್ಯರು, ಅದರಲ್ಲಿ ಹೆಂಗಸರಿಗೆ, ಪರಿಶಿಷ್ಟರಿಗೆ, ನಿವಾಸಿ ಸಂಘದವರಿಗೆ ಜಾಗ. ನಮ್ಮ ಬೀದಿಯಲ್ಲಿ ವಾರ್ಡ್ ಸಮಿತಿ ಅಂದ್ರೆ ಗಣೇಶನ ಸಮಿತಿನಾ ಅಂತ ಕೇಳ್ತಾರೆ.

2019ರ ಆಗಸ್ಟ್‌ನಲ್ಲಿ ತುಂಗೆ ತುಂಬಿ, ರಾಜಕಾಲುವೆಗಳು ಉಕ್ಕಿ ಊರೊಳಗೆ ನೀರು ನುಗ್ಗಿತಲ್ಲ, ಆಗಿನ ಸದಸ್ಯರು ಆಯ್ಕೆಯಾಗಿ ಒಂದು ವರ್ಷವೂ ತುಂಬಿರಲಿಲ್ಲ. ಜನ ಹಿಡಿದು ಕೇಳಿದ್ದು ಅವರನ್ನೇ. ಸ್ಮಾರ್ಟ್ ಸಿಟಿ ಪಟ್ಟಿಗೆ ಶಿವಮೊಗ್ಗ ಸೇರಿದ್ದು 2016ರಲ್ಲಿ. ಅದರ ದುಡ್ಡು ಪಾಲಿಕೆ ಖಾತೆಯಿಂದ ಹೋಗ್ತಿರಲಿಲ್ಲ, ಅದಕ್ಕೇ ಅಂತ ಬೇರೆ ಕಂಪನಿ, ಬೇರೆ ಆಡಳಿತ ಮಂಡಳಿ ಇತ್ತು. ರಸ್ತೆ ಅಗೆದಾಗ ಬೈಸಿಕೊಂಡಿದ್ದು ವಾರ್ಡ್ ಸದಸ್ಯ, ದುಡ್ಡಿನ ತೀರ್ಮಾನ ಇನ್ನೊಂದು ಮೇಜಿನ ಮೇಲೆ. ಅದನ್ನೂ ಸ್ವಲ್ಪ ನೋಡಿ ಮಾತಾಡಬೇಕು.

ಬೆಂಗಳೂರಲ್ಲಿರೋ ಮಲೆನಾಡಿಗ:
ಇದೆಲ್ಲ ಆನ್‌ಲೈನ್ ಮಾಡಿಬಿಟ್ಟರೆ ಸರಿಹೋಗುತ್ತೆ. ಒಂದು ಆ್ಯಪ್ ಸಾಕು.

ಅಡಿಕೆ ಮಂಡಿ:
ಜೋರು ಮಳೆಗೆ ನಮ್ಮಲ್ಲಿ ಟವರ್ರೇ ಇರಲ್ಲ ಮಾರಾಯ. ಬಂದಾಗ ಆ್ಯಪ್ ತಗೊಂಡು ಬಾ, ಛತ್ರಿನೂ ತಗೊಂಡು ಬಾ.

ಅಂಗನವಾಡಿ ರಸ್ತೆ:
ಲೆಕ್ಕ ಕೇಳುವ ಸದಸ್ಯರು ಇಲ್ಲವೇ ಇಲ್ಲ ಅನ್ನಬೇಡಿ. ನಮ್ಮ ವಾರ್ಡ್ ಮಹಿಳಾ ಮೀಸಲು ಬಂದಾಗ ಒಬ್ಬರು ಗೆದ್ದರು. ಹೊಲಿಗೆ ಕೆಲಸ ಮಾಡಿಕೊಂಡಿದ್ದವರು. ಮೊದಮೊದಲು ಎಲ್ಲರೂ ಅವರ ಗಂಡನನ್ನೇ ಸದಸ್ಯರೇ ಅಂತ ಕರೆಯೋರು. ಸಭೆಗೂ ಅವರೇ ಬರೋರು, ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತು ಹೆಂಡತಿಗೆ ಸನ್ನೆ ಮಾಡೋರು. ಒಂದು ಸಭೆಯಲ್ಲಿ ಆಕೆಯೇ "ನೀವು ಮನೆಗೆ ಹೋಗಿ, ಮಕ್ಕಳು ಶಾಲೆಯಿಂದ ಬರುವ ಹೊತ್ತಾಯ್ತು" ಅಂದರಂತೆ. ಅಲ್ಲಿಂದ ಮುಂದೆ ಗಂಡ ಸಭೆಗೆ ಬಂದಿಲ್ಲ.

ಆಮೇಲೆ ಆಕೆ ಒಂದು ಉದ್ದ ನೋಟ್‌ಬುಕ್ ಇಟ್ಟರು, ಅಳತೆ ಬರೆದುಕೊಳ್ಳುತ್ತಿದ್ದ ಅದೇ ಥರದ್ದು. ಎಡಗಡೆ ಹಾಳೆಯಲ್ಲಿ ಸಭೆಯಲ್ಲಿ ಓದಿದ ಜಮಾ ಖರ್ಚು, ಬಲಗಡೆಯಲ್ಲಿ ಬೀದಿಯಲ್ಲಿ ಕಂಡದ್ದು. ಬೀದಿ ದೀಪದ ಬಿಲ್ಲಿನಲ್ಲಿ ತಮ್ಮ ವಾರ್ಡಿಗೆ ಎಷ್ಟು ದೀಪ ಬರೆದಿದ್ದಾರೆ ಅಂತ ಕೇಳಿಕೊಂಡು ಬಂದು, ಸಂಜೆ ಮಗಳ ಜೊತೆ ನಡೆದು ಕಂಬ ಕಂಬ ಎಣಿಸಿದರು. ಲೆಕ್ಕದಲ್ಲಿ ಇದ್ದಷ್ಟು ದೀಪ ಬೀದಿಯಲ್ಲಿ ಇರಲಿಲ್ಲ. ಸಭೆಯಲ್ಲಿ ಕೂಗಾಡಲಿಲ್ಲ. ನೋಟ್‌ಬುಕ್ ತೆಗೆದು ಓದಿದರು, ಅಷ್ಟೇ. ಮುಂದಿನ ವಾರ ಹೊಸ ದೀಪ ಬಂತು.

ಅವರು ಸಾವಿನ ಮನೆಗೆ ಹೋಗ್ತಿರಲಿಲ್ಲವಾ? ಹೋಗ್ತಿದ್ದರು. ಎರಡೂ ಮಾಡಬಹುದು.

ಅಡಿಕೆ ಮಂಡಿ:
ಮತ್ತೆ ಗೆದ್ದರಾ?

ಅಂಗನವಾಡಿ ರಸ್ತೆ:
ಮೀಸಲಾತಿ ಬದಲಾಯ್ತು. ಟಿಕೆಟ್ಟೇ ಸಿಗಲಿಲ್ಲ.

ಬಸ್ ಸ್ಟ್ಯಾಂಡ್ ಎದುರು:
ಇದೆಲ್ಲ ಓದ್ತಾ ಇದ್ರೆ ಧರೆಮೇಲಿನ ಮನೆಯವರು ಮುಂದಿನ ಸಲ ನಿಲ್ಲೋ ತಯಾರಿ ಮಾಡ್ಕೊಂಡ ಹಾಗಿದೆ. ಆ ಸದಸ್ಯ ಯಾರು ಅಂತ ನನಗೆ ಗೊತ್ತು. ಒಳ್ಳೇ ಮನುಷ್ಯ. ಸುಮ್ನೆ ಕಲ್ಲು ಹೊಡೀಬೇಡಿ. ಗೌರವಧನ ತೀರಾ ಕಡಿಮೆ, ಪೆಟ್ರೋಲಿಗೂ ಸಾಲಲ್ಲ ಅವರಿಗೆ. ಅಧ್ಯಕ್ಷ, ಉಪಾಧ್ಯಕ್ಷರ ಮೀಸಲಾತಿ ಪಟ್ಟಿ ತಡವಾಗಿ ರಾಜ್ಯದ ಎಷ್ಟೋ ಊರಲ್ಲಿ ಗೆದ್ದವರು ಅಧಿಕಾರ ಇಲ್ಲದೆ ಕೂತಿದ್ದರು. ಎರಡನೇ ಅವಧಿಯ ಪಟ್ಟಿ ಬಂದಿದ್ದೇ 2024ರ ಆಗಸ್ಟ್‌ನಲ್ಲಿ. ಅಲ್ಲಿ ತನಕ ಸಭೆಯೇ ಇಲ್ಲ, ಲೆಕ್ಕ ಯಾರ ಹತ್ತಿರ ಕೇಳಬೇಕಿತ್ತು?

ಧರೆಮೇಲಿನ ಮನೆ:
ನಿಲ್ಲೋ ಆಸೆ ಇಲ್ಲ, ನನ್ನ ಹೆಂಡತಿ ಮನೆಯಿಂದ ಹೊರಗೆ ಹಾಕ್ತಾಳೆ. ನೀವು ಹೇಳಿದ ಪಟ್ಟಿಯ ವಿಷಯ ನಿಜ. ಆ ಅವಧಿಯನ್ನ ಬಿಟ್ಟೇ ಲೆಕ್ಕ ಹಾಕಿ. ಈ ಚರಂಡಿ ಆಗಿದ್ದು ಸಭೆ ನಡೆಯುತ್ತಿದ್ದ ಕಾಲದಲ್ಲೇ, ಮಂಜೂರು ಮಾಡಿದ್ದು ಅದೇ ಸಭೆ, ಕೈ ಎತ್ತಿದವರಲ್ಲಿ ನಮ್ಮ ಸದಸ್ಯರೂ ಒಬ್ಬರು.

ಗೌರವಧನ ಕಡಿಮೆ ಅನ್ನೋದನ್ನ ಒಪ್ಪುತ್ತೇನೆ. ಜಾಸ್ತಿ ಕೊಡಲಿ. ಆದರೆ ಒಳ್ಳೇ ಮನುಷ್ಯ ಅನ್ನೋದು ಅವರ ಮನೆಯವರಿಗೆ ಸಾಕು, ನಮಗೆ ಸಾಲಲ್ಲ.

ಇನ್ನೊಂದು ಗಮನಿಸಿ. ಮನೆ ಕಂದಾಯದ ರಸೀದಿ ತೆಗೆದು ನೋಡಿ, ಏಪ್ರಿಲ್‌ನಲ್ಲಿ ಕಟ್ಟಿದರೆ ಶೇಕಡಾ 5 ರಿಯಾಯಿತಿ ಅಂತ ನಾವೆಲ್ಲ ಓಡಿಹೋಗಿ ಕಟ್ಟಿದ್ದು. ತೆರಿಗೆ ಕೆಳಗೆ ಉಪಕರಗಳು ಇವೆ. ಆರೋಗ್ಯ 15, ಗ್ರಂಥಾಲಯ 6, ಭಿಕ್ಷುಕರ ಕರ 3, ನಗರ ಸಾರಿಗೆ 2, ಎಲ್ಲ ಶೇಕಡಾ. ಅಂದ್ರೆ ಸಾವಿರ ರೂಪಾಯಿ ತೆರಿಗೆಗೆ 260 ರೂಪಾಯಿ ಮೇಲೆ. ಈ 260 ನಮ್ಮ ಬೀದಿಗೆ ಅಲ್ಲ, ಆಯಾ ಇಲಾಖೆಗೆ ಕಳಿಸಬೇಕಾದ್ದು. ಕಳಿಸಿದ್ದಾರಾ, ಬಾಕಿ ಇದೆಯಾ, ಅಷ್ಟು ಹೊತ್ತು ಯಾವ ಖಾತೆಯಲ್ಲಿ ಇತ್ತು? ಗ್ರಂಥಾಲಯ ಕರ ನಾವು ಕಟ್ಟುತ್ತೇವೆ, ನಮ್ಮೂರ ಲೈಬ್ರರಿಯ ಮೂಲೆಯಲ್ಲಿ ಹಂಚು ಸೋರಿ ಪೇಪರ್ ಒದ್ದೆ. ಈ ಪ್ರಶ್ನೆ ಯಾವ ಸದಸ್ಯರ ಬಾಯಲ್ಲೂ ನಾನು ಕೇಳಿಲ್ಲ.

ನಿವೃತ್ತ ಗುಮಾಸ್ತ:
ಒಳ್ಳೇ ಜಾಗಕ್ಕೆ ಕೈ ಇಟ್ಟಿರಿ. ನಾನು ಕಂಡ ಹಾಗೆ ಸಭೆ ಹೇಗೆ ನಡೆಯುತ್ತೆ ಅಂದ್ರೆ, ಅಜೆಂಡಾದಲ್ಲಿ ಮೊದಲ ವಿಷಯವೇ ಹಿಂದಿನ ತಿಂಗಳ ಜಮಾ ಖರ್ಚು. ಯಾರೋ ಒಬ್ಬರು ಸಾಲು ಸಾಲು ಓದ್ತಾರೆ. ಆ ಹೊತ್ತಿಗೆ ಸರಿಯಾಗಿ ಕಾಫಿ, ಖಾರ ಮಂಡಕ್ಕಿ ಬರುತ್ತೆ. "ಓಕೆ ಓಕೆ, ಮುಂದಿನದು" ಅಂತಾರೆ. ನಡಾವಳಿಯಲ್ಲಿ "ಸರ್ವಾನುಮತದಿಂದ ಒಪ್ಪಲಾಯಿತು" ಅಂತ ಬೀಳುತ್ತೆ. ಆಮೇಲೆ ಕೊನೆಯ ವಿಷಯಕ್ಕೆ, ಯಾವುದೋ ಸರ್ಕಲ್ಲಿಗೆ ಯಾರ ಹೆಸರು ಇಡಬೇಕು ಅನ್ನೋದಕ್ಕೆ, ಒಂದು ಗಂಟೆ ಜಗಳ. ಪತ್ರಿಕೆಯಲ್ಲಿ ಬರೋದೂ ಅದೇ.

ಜಮಾ ಖರ್ಚು ಓದುವಾಗ ಒಬ್ಬ ಸದಸ್ಯ ನಿಲ್ಲಿಸಿ, ಈ ಬಿಲ್ಲಿನ ಕಡತ ತನ್ನಿ ಅಂದರೆ ಸಾಕು, ಮುಂದಿನ ತಿಂಗಳಿಂದ ಕಡತಗಳು ನೆಟ್ಟಗಾಗುತ್ತವೆ. ನಾವೇ ನೆಟ್ಟಗೆ ಮಾಡ್ತಿದ್ದೆವು, ಕೇಳೋರು ಇದ್ದಾರೆ ಅಂತ ಗೊತ್ತಾದರೆ. ಇನ್ನು ಸದಸ್ಯರೇ ಹಿಂದಿನ ಬಾಗಿಲಿಂದ ಗುತ್ತಿಗೆ ಹಿಡಿಯೋದಂತೂ 1964ರ ಪುರಸಭೆ ಕಾಯ್ದೆಯ ಪ್ರಕಾರ ಸದಸ್ಯತ್ವವೇ ಹೋಗುವ ವಿಷಯ. ಅದನ್ನ ಇಲ್ಲಿ ಎಳೀಬೇಡಿ, ಆಧಾರ ಇಲ್ಲದೆ ಯಾರ ಮೇಲೂ ಹಾಕೋದು ಬೇಡ.

ಈಗ ನಿಮ್ಮ ಚರಂಡಿಗೆ ದಾರಿ ಹೇಳ್ತೇನೆ. ಮಾಹಿತಿ ಹಕ್ಕಿನ ಅರ್ಜಿ ಹಾಕಿ, 10 ರೂಪಾಯಿ ಪೋಸ್ಟಲ್ ಆರ್ಡರ್. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಜನ ಅಲ್ಲೇ ಎಡವೋದು. ಚರಂಡಿ, ದೀಪ, ಟ್ಯಾಂಕರ್, ಗ್ರಂಥಾಲಯ ಎಲ್ಲ ಒಂದರಲ್ಲಿ ಸುರಿದು ಕಳಿಸ್ತಾರೆ, ಅದೇ ನೆಪ ಹೇಳಿ ವಾಪಸ್ ಮಾಡ್ತಾರೆ. "ಯಾಕೆ ಹೀಗೆ ಮಾಡಿದಿರಿ" ಅಂತ ಕೇಳಬೇಡಿ, ಅದಕ್ಕೆ ಉತ್ತರ ಕೊಡಬೇಕಾಗಿಲ್ಲ. ಕಾಗದ ಕೇಳಿ. ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಆ ಪುಟಗಳು, ಬಿಲ್ ಪಾವತಿಯ ವೋಚರ್. ಪುಟಕ್ಕೆ 2 ರೂಪಾಯಿ. ಮೂವತ್ತು ದಿನದ ಒಳಗೆ ಉತ್ತರ ಬರಬೇಕು, ಬರದಿದ್ದರೆ ಮೊದಲ ಮೇಲ್ಮನವಿ.

ಅಳತೆ ಪುಸ್ತಕವೇ ಮುಖ್ಯ. ಎಷ್ಟು ಮೀಟರ್ ಉದ್ದ, ಎಷ್ಟು ಅಗಲ, ಎಷ್ಟು ದಪ್ಪ ಕಾಂಕ್ರೀಟ್ ಅಂತ ಅದರಲ್ಲಿ ಇರಲೇಬೇಕು. ಟೇಪ್ ಹಿಡಿದು ಹೋಗಿ ತಾಳೆ ನೋಡಿ.

ಜಲ್ಲಿ ಲಾರಿ:
ಟೇಪ್ ಸಾಲಲ್ಲ, ಲೆವೆಲ್ ಪೈಪ್ ತಗೊಂಡು ಹೋಗಿ. ಮೇಸ್ತ್ರಿಗಳ ಹತ್ತಿರ ಇರುತ್ತೆ, ನೀರು ತುಂಬಿದ ಟ್ರಾನ್ಸ್‌ಪರೆಂಟ್ ಪೈಪು. ಚರಂಡಿ ತಳದಲ್ಲಿ ಒಂದು ತುದಿ, ಮೋರಿ ತಳದಲ್ಲಿ ಒಂದು ತುದಿ. ಫೋಟೋ ತೆಗೀರಿ. ಆ ಒಂದು ಗೇಣು ಅಂದ್ರಲ್ಲ, ಅದು ಎಷ್ಟು ಇಂಚು ಅಂತ ಸರಿಯಾಗಿ ಗೊತ್ತಾಗುತ್ತೆ. ಕೆಲಸ ಮುಗಿದ ಮೇಲೂ ಇಂತಿಷ್ಟು ಕಾಲ ರಿಪೇರಿ ಗುತ್ತಿಗೆದಾರನ ತಲೆ ಮೇಲೆ ಇರುತ್ತೆ, ಅದು ಎಷ್ಟು ಅಂತ ಕರಾರಿನಲ್ಲಿ ಬರೆದಿರ್ತಾರೆ. ಅದರ ಪ್ರತಿಯನ್ನೂ ಕೇಳಿ.

ಧರೆಮೇಲಿನ ಮನೆ:
ಹೀಗೆ ಬರೆದಿದ್ದೇನೆ, ನೋಡಿ ಹೇಳಿ:

"ನಮ್ಮ ವಾರ್ಡಿನ ದೇವಸ್ಥಾನ ರಸ್ತೆಯ ಕಾಂಕ್ರೀಟ್ ಚರಂಡಿ ಕಾಮಗಾರಿಗೆ ಸಂಬಂಧಿಸಿ ಈ ದಾಖಲೆಗಳ ದೃಢೀಕೃತ ಪ್ರತಿ ಕೊಡುವುದು: ಅಂದಾಜು ಪಟ್ಟಿ, ಅನುದಾನದ ವಿವರ ಇರುವ ಮಂಜೂರಾತಿ ಆದೇಶ, ಕಾರ್ಯಾದೇಶ ಮತ್ತು ಕರಾರು ಪತ್ರ, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು, ಬಿಲ್ ಪಾವತಿ ವೋಚರ್, ಕಾಮಗಾರಿಗೆ ಒಪ್ಪಿಗೆ ಕೊಟ್ಟ ಸಭೆಯ ನಡಾವಳಿ."

ನಿವೃತ್ತ ಗುಮಾಸ್ತ:
ಫಲಕದಲ್ಲಿ ಕಾಮಗಾರಿ ಹೆಸರು ಹೇಗಿದೆಯೋ ಹಾಗೇ ಬರೀರಿ, ಒಂದು ಅಕ್ಷರ ಆಚೀಚೆ ಬೇಡ. ಇಲ್ಲಾಂದ್ರೆ "ಅಂಥ ಕಾಮಗಾರಿ ಕಚೇರಿಯಲ್ಲಿ ಲಭ್ಯವಿಲ್ಲ" ಅಂತ ಬರುತ್ತೆ. ಸಾಲಿನ ವರ್ಷವನ್ನೂ ಹಾಕಿ. ಉಳಿದದ್ದು ಸರಿ ಇದೆ.

ಸಂತೆಮಾಳದ ಅಕ್ಕ:
ಆ ಕೆಳಗಿನ ಮನೆಯವರು ನನ್ನ ಅಕ್ಕನ ಮಗಳು. ಅಂಗಳದ ಕೆಸರು ಇನ್ನೂ ಹೋಗಿಲ್ಲ. ಅರ್ಜಿಗೆ ನನ್ನ ಹೆಸರೂ ಹಾಕಿ. ಆದರೆ ಸದಸ್ಯರಿಗೆ ಮೊದಲು ಒಂದು ಮಾತು ಹೇಳಿ, ಬೆನ್ನ ಹಿಂದೆ ಮಾಡಿದ ಹಾಗೆ ಬೇಡ.

ನಿವೃತ್ತ ಗುಮಾಸ್ತ:
ಅರ್ಜಿಗೆ ಒಬ್ಬರ ಹೆಸರು ಸಾಕು ತಂಗಿ. ಹತ್ತು ಜನ ಸಹಿ ಹಾಕಿದರೆ ಅದಕ್ಕೂ ಒಂದು ಆಕ್ಷೇಪಣೆ ಹುಡುಕ್ತಾರೆ. ನೀವು ನಿಮ್ಮ ಕೇರಿಯ ಟ್ಯಾಂಕರ್ ಬಿಲ್ಲಿಗೆ ಬೇರೆ ಅರ್ಜಿ ಹಾಕಿ, ಬರೆದು ಕೊಡೋದು ನಾನು.

ಧರೆಮೇಲಿನ ಮನೆ:
ಸದಸ್ಯರಿಗೆ ಇವತ್ತು ಬೆಳಿಗ್ಗೆ ಹಾಲಿನ ಡೇರಿ ಹತ್ತಿರ ಹೇಳಿದೆ. ಸಿಟ್ಟು ಮಾಡ್ತಾರೆ ಅಂದುಕೊಂಡಿದ್ದೆ, ಮಾಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಂದರೆ ನನಗೂ ಒಂದು ಜೆರಾಕ್ಸ್ ಕೊಡಿ, ಎಸ್ಟಿಮೇಟ್ ನಾನೂ ನೋಡಿಲ್ಲ" ಅಂದರು. ಮುಂದಿನ ಸಭೆ ಯಾವಾಗ ಅಂತ ಕೇಳಿದ್ದಕ್ಕೆ ಅಜೆಂಡಾ ಇನ್ನೂ ಬಂದಿಲ್ಲವಂತೆ, ಬಂದ ಕೂಡಲೇ ಫೋಟೋ ತೆಗೆದು ಕಳಿಸ್ತಾರಂತೆ.

ಬಸ್ ಸ್ಟ್ಯಾಂಡ್ ಎದುರು:
ನಾನು ಹೇಳಲಿಲ್ವಾ, ಒಳ್ಳೇ ಮನುಷ್ಯ ಅಂತ.

ಜಲ್ಲಿ ಲಾರಿ:
ಒಳ್ಳೇದು. ಅಜೆಂಡಾ ಬಂದರೆ ಇಲ್ಲೂ ಹಾಕಿ. ಅದರಲ್ಲಿ ಹೊಸ ಚರಂಡಿ ಇದ್ದರೆ ಎಲ್ಲಿಂದ ಎಲ್ಲಿಗೆ ಅಂತ ನೋಡ್ತೇನೆ, ಹಳ್ಳ ಯಾವ ಕಡೆ ಇದೆ ಅಂತ ಮಾತ್ರ ಹೇಳಿ.